ಒಳಲೆಯಲ್ಲಿ ತಾಯಿಯ ಹಾಲು

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಊರಿನ ಅಂಗನವಾಡಿ ಕಾರ್ಯಕರ್ತೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾದಾಗ ಅಡುಗೆಯ ಚಿಂತೆ ನಮಗಿರಲಿಲ್ಲ. ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ, ಹಾಲು. ನಮ್ಮ ಸಹಾಯಕಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಇಳಿಸುತ್ತಿದ್ದಳು. ಉಣ್ಣುವವರೇ ಬರುತ್ತಿರಲಿಲ್ಲ. ಗರ್ಭಿಣಿಯರು ಹೇಗೋ ಬಂದರು. ಹೆರಿಗೆಯಾಗಿ ಆರು ತಿಂಗಳವರೆಗೂ ಊಟ ಉಂಟು ಎಂದು ಮನೆಮನೆಗೆ ಹೇಳಿ ಬಂದರೂ ಬಾಣಂತಿಯರು ಮಾತ್ರ ಬರಲಿಲ್ಲ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಒಳಗೆ ಮಲಗಿಸಿದ ಮಗಳನ್ನು ಬಿಸಿಲು ಗಾಳಿಗೆ ಕಳಿಸಲು ಯಾವ ತಾಯಿ ಒಪ್ಪುತ್ತಾಳೆ? ಚೊಚ್ಚಲ ಹೆರಿಗೆಗೆ ತವರಿಗೆ ಬಂದವರದು ಇನ್ನೊಂದು ಕಥೆ: ಬಾಣಂತಿ ನಮ್ಮೂರಿನಲ್ಲಿ, ಹೆಸರು ಗಂಡನ ಊರಿನ ಕೇಂದ್ರದ ಪುಸ್ತಕದಲ್ಲಿ. ಅಲ್ಲಿಯ ಕಾರ್ಯಕರ್ತೆಗೆ ಫೋನ್ ಮಾಡಿ ಸರಿಪಡಿಸುವುದೇ ಅರ್ಧ ಕೆಲಸವಾಗಿತ್ತು.

ಹಾಗೆ ತವರಿಗೆ ಬಂದಿದ್ದ ಒಬ್ಬ ಹುಡುಗಿಯ ಮನೆಗೆ ಹೋದಾಗ ಮಗುವಿಗೆ ಒಂಬತ್ತು ದಿನ. ಅವಳ ಅಜ್ಜಿ ಬೆಳ್ಳಿಯ ಒಳಲೆಯಲ್ಲಿ ನೀರು ಬೆರೆಸಿದ ಹಸುವಿನ ಹಾಲು ಕುಡಿಸುತ್ತಾ ಕುಳಿತಿದ್ದರು. "ಇವಳಿಗೆ ಎದೆಯಲ್ಲಿ ಹಾಲೇ ಇಲ್ಲ ಟೀಚರ್, ಕೂಸು ರಾತ್ರಿಯೆಲ್ಲ ಅಳುತ್ತದೆ" ಎಂದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿದ್ದಳು. ತೂಕ ಹಾಕಿದೆ: ಹುಟ್ಟಿದಾಗ 2 ಕಿಲೋ 700 ಗ್ರಾಂ ಇದ್ದದ್ದು 2 ಕಿಲೋ 550ಕ್ಕೆ ಇಳಿದಿತ್ತು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆ ಮಾತನ್ನು ಆಗ ಆಡಲಿಲ್ಲ. ಹಸುವಿನ ಹಾಲು ತಪ್ಪು ಎಂದು ಬಾಯಿಬಿಟ್ಟಿದ್ದರೆ ಅಜ್ಜಿ ನನ್ನನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ.

"ನನ್ನ ಮುಂದೆ ಒಮ್ಮೆ ಕುಡಿಸು ತಾಯಿ" ಎಂದು ಪಕ್ಕದಲ್ಲಿ ಕುಳಿತೆ. ಮಗು ಮೊಲೆತೊಟ್ಟನ್ನಷ್ಟೇ ಚೀಪುತ್ತಿತ್ತು, ತೊಟ್ಟು ಬಿರಿದು ರಕ್ತ ಜಿನುಗಿತ್ತು. ಆ ನೋವಿಗೆ ಅವಳು ಎರಡೇ ನಿಮಿಷಕ್ಕೆ ಮಗುವನ್ನು ಸರಿಸುತ್ತಿದ್ದಳು. ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿದೆ. ಮೂಗಿನ ಹತ್ತಿರ ತೊಟ್ಟನ್ನು ಸವರಿ, ಮಗು ಆಕಳಿಸುವಂತೆ ಬಾಯಿ ಅಗಲಿಸುವವರೆಗೂ ಕಾಯಲು ಹೇಳಿದೆ. ಮೂರನೆಯ ಸಲಕ್ಕೆ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಯಿತು, ಗದ್ದ ಎದೆಗೆ ಒತ್ತಿತು. ಸ್ವಲ್ಪ ಹೊತ್ತಿಗೆ ಗುಟುಕು ಇಳಿಯುವ ಸದ್ದು ಕೇಳಿಸಿತು. ಅಜ್ಜಿಯೂ ಕಿವಿಗೊಟ್ಟರು. "ಹಾಲಿಲ್ಲದಿದ್ದರೆ ಏನನ್ನು ನುಂಗುತ್ತಿದೆ ಅಜ್ಜಿ?" ಎಂದೆ. ಮಗು ಚೀಪಿದಷ್ಟೂ ಹಾಲು ಊರುತ್ತದೆ, ಒಳಲೆಯಿಂದ ಹೊಟ್ಟೆ ತುಂಬಿದರೆ ಚೀಪುವುದಿಲ್ಲ, ಹಾಲೂ ಬತ್ತುತ್ತದೆ ಎಂದು ವಿವರಿಸಿದ್ದು ಆಮೇಲೆ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯೇ ಎಂದು ಎಣಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದೆ.

ಪಥ್ಯದ ವಿಷಯದಲ್ಲಿ ನಾನು ಎಲ್ಲದಕ್ಕೂ ಜಗಳಕ್ಕೆ ನಿಲ್ಲುವುದಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲ ಇರಲಿ. ನೀರು ಕಡಿಮೆ ಕೊಡುವುದನ್ನು ಮಾತ್ರ ಒಪ್ಪುವುದಿಲ್ಲ. ತಣ್ಣೀರು ಬೇಡವೆಂದರೆ ಜೀರಿಗೆ ಕುದಿಸಿದ ನೀರು ಕೊಡಿ, ಚೊಂಬು ಅವಳ ಕೈಗೆ ಎಟುಕುವಂತಿಡಿ ಎಂದೆ. ಅದಕ್ಕೆ ಒಪ್ಪಿದರು.

ಅಲ್ಲಿಂದ ಹದಿನೈದು ದಿನಕ್ಕೆ ಮಗುವಿನ ತೂಕ 2 ಕಿಲೋ 950 ಗ್ರಾಂ. ತೂಕದ ಮುಳ್ಳನ್ನು ಅಜ್ಜಿಗೇ ತೋರಿಸಿದೆ. ಎರಡು ತಿಂಗಳು ತುಂಬಿದ ಮೇಲೆ ಅವರೇ ಮೊಮ್ಮಗಳನ್ನು ಕೈಹಿಡಿದು ಕೇಂದ್ರಕ್ಕೆ ಕರೆತಂದು ಊಟಕ್ಕೆ ಕೂರಿಸಿದರು. ಅವರ ಹಿಂದೆ ಓಣಿಯ ಇನ್ನಿಬ್ಬರು ಬಾಣಂತಿಯರು ಬಂದರು.

ಶೇಂಗಾ ಕೀಳುವ ಹೊತ್ತಿಗೆ ಮಗುವಿಗೆ ನಾಲ್ಕನೇ ತಿಂಗಳು. ಕೂಲಿ ಬಿಟ್ಟರೆ ಮನೆ ನಡೆಯದು, ಡಬ್ಬಿಯ ಹಾಲಿಗೆ ದುಡ್ಡಿಲ್ಲ. ಇದ್ದರೂ ಬೇಡವೆಂದೇ ನಾನು ಹೇಳುತ್ತಿದ್ದೆ. ಕೈ ತೊಳೆದು ಎದೆಹಾಲನ್ನು ಸ್ಟೀಲ್ ಬಟ್ಟಲಿಗೆ ಹಿಂಡಿ, ಮುಚ್ಚಿ ತಂಪಾದ ಮೂಲೆಯಲ್ಲಿ ಇಡುವುದನ್ನು ಕಲಿಸಿದೆ. ನಮ್ಮ ಕಡೆಯ ಬಿಸಿಲಿಗೆ ನಾಲ್ಕು ಗಂಟೆಯೊಳಗೆ ಕುಡಿಸಿ ಮುಗಿಸಬೇಕೆಂದು ಲೆಕ್ಕ ಹೇಳಿದೆ. ಬಾಟಲಿ ಬೇಡ ಎಂದಾಗ ಅಜ್ಜಿ ಮರುಮಾತಾಡದೆ ಗೂಡಿನಿಂದ ಅದೇ ಒಳಲೆ ತೆಗೆದು, ಕುದಿಯುವ ನೀರಿಗೆ ಹಾಕಿದರು.