ಎಚ್‌ಬಿಸಿಯು ಕಾಲೇಜು ಹೇಗಿದೆ ಅಂತ ನೋಡುವುದು ಹೇಗೆ? ಗ್ರಾಜುಯೇಶನ್ ರೇಟ್ ಒಂದೇ ಸಾಲದು

ಷಾರ್ಲಟ್‌ನಲ್ಲಿರುವ ಅಕ್ಕನ ಮಗಳು ಹೋದ ವರ್ಷ ಗ್ರೀನ್ಸ್‌ಬರೋದ ನಾರ್ತ್ ಕ್ಯಾರೊಲೈನಾ ಎ ಅಂಡ್ ಟಿಗೆ ಅರ್ಜಿ ಹಾಕುತ್ತೇನೆ ಅಂದಳು. ಅದು ಎಚ್‌ಬಿಸಿಯು, ಅಂದ್ರೆ ಕಪ್ಪು ಅಮೆರಿಕನ್ನರಿಗಾಗಿ ಶುರುವಾದ ಕಾಲೇಜುಗಳಲ್ಲಿ ಒಂದು. ಅಕ್ಕ ಫೋನ್ ತೆಗೆದು ಆ ಕಾಲೇಜಿನ ಗ್ರಾಜುಯೇಶನ್ ರೇಟ್ ಹುಡುಕಿದಳು. ನೂರಕ್ಕೆ ಐವತ್ತರ ಆಸುಪಾಸು ಅಂತ ಬಂತು. ಅಲ್ಲಿಗೆ ಮಾತು ಮುಗಿಯಿತು. ಅರ್ಧ ಮಕ್ಕಳು ಪದವಿಯನ್ನೇ ಮುಗಿಸದ ಕಡೆ ಯಾಕೆ ಕಳಿಸಬೇಕು ಅನ್ನುವುದು ಅವಳ ವಾದ, ಆವತ್ತು ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ನಾನೂ ಹುಡುಗಿಯೂ ಎರಡು ಶನಿವಾರ ಕೂತು ಒಂದೊಂದನ್ನೇ ಹುಡುಕಿ ನೋಡಿದೆವು. ನಿಮ್ಮ ಮನೆಯಲ್ಲೂ ಮಕ್ಕಳು ಹೋವರ್ಡ್, ಸ್ಪೆಲ್ಮನ್, ಮೋರ್‌ಹೌಸ್ ಅಂತ ಇಂಥ ಕಾಲೇಜುಗಳ ಹೆಸರು ತೆಗೆದರೆ ಏನೇನು ನೋಡಬೇಕು ಅಂತ ಬರೆಯುತ್ತಿದ್ದೇನೆ. ಅಂದಹಾಗೆ ಹೋವರ್ಡ್ ಬೇರೆ, ಹಾರ್ವರ್ಡ್ ಬೇರೆ. ಹೋವರ್ಡ್ ಇರುವುದು ವಾಷಿಂಗ್ಟನ್‌ನಲ್ಲಿ, 1867ರಿಂದ.

ಮೊದಲು ಎಚ್‌ಬಿಸಿಯು (ಹಿಸ್ಟಾರಿಕಲಿ ಬ್ಲ್ಯಾಕ್ ಕಾಲೇಜಸ್ ಅಂಡ್ ಯೂನಿವರ್ಸಿಟೀಸ್) ಅಂದ್ರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. ಅಮೆರಿಕದ 1965ರ ಉನ್ನತ ಶಿಕ್ಷಣ ಕಾಯ್ದೆಯ ಪ್ರಕಾರ ಆ ಕಾಲೇಜು 1964ಕ್ಕಿಂತ ಮುಂಚೆ ಶುರುವಾಗಿರಬೇಕು, ಕಪ್ಪು ಅಮೆರಿಕನ್ನರಿಗೆ ಓದಿಸುವುದೇ ಅದರ ಮುಖ್ಯ ಉದ್ದೇಶವಾಗಿರಬೇಕು. ಪೆನ್ಸಿಲ್ವೇನಿಯಾದ ಚೇನಿ 1837ರದ್ದು. ಹೆಚ್ಚಿನವು 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಹುಟ್ಟಿದವು, ಯಾಕಂದ್ರೆ ಬೇರೆ ಕಾಲೇಜುಗಳು ಈ ಮಕ್ಕಳನ್ನು ಒಳಗೇ ಬಿಡುತ್ತಿರಲಿಲ್ಲ. ಈಗ ಸುಮಾರು 100 ಇವೆ. ಬೇರೆ ಜನರಿಗೆ ಪ್ರವೇಶ ಇಲ್ಲ ಅಂದುಕೊಳ್ಳಬೇಡಿ, ಇವತ್ತು ಒಟ್ಟು ವಿದ್ಯಾರ್ಥಿಗಳಲ್ಲಿ ಕಾಲು ಭಾಗದಷ್ಟು ಮಂದಿ ಕಪ್ಪು ಜನಾಂಗದವರಲ್ಲ. ವೆಸ್ಟ್ ವರ್ಜಿನಿಯಾದ ಬ್ಲೂಫೀಲ್ಡ್ ಸ್ಟೇಟ್‌ನಲ್ಲಿ ಬಿಳಿಯರೇ ಜಾಸ್ತಿ. ಇನ್ನೊಂದು ಮಾತು: ಮನೆಯಲ್ಲಿ ಈ ವಿಷಯ ಮಾತಾಡುವಾಗ ‘ಕರಿಯರ ಕಾಲೇಜು’ ಅನ್ನುವುದನ್ನು ಬಿಟ್ಟುಬಿಡಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಅದೇ ಮಾತನ್ನು ಅಲ್ಲಿಗೂ ಹೊತ್ತುಕೊಂಡು ಹೋಗುತ್ತಾರೆ.

ಈಗ ಅಕ್ಕನನ್ನು ಹೆದರಿಸಿದ ಆ ಅಂಕಿಗೆ ಬರೋಣ. ಸರ್ಕಾರ ಹೇಳುವ ಗ್ರಾಜುಯೇಶನ್ ರೇಟ್‌ನಲ್ಲಿ ಎಣಿಸುವುದು ಮೊದಲ ಸಲ ಕಾಲೇಜಿಗೆ ಸೇರಿ ಪೂರ್ತಿ ಸಮಯ ಓದುವವರನ್ನು ಮಾತ್ರ. ಅವರಲ್ಲಿ ಎಷ್ಟು ಮಂದಿ ಆರು ವರ್ಷದೊಳಗೆ ಅದೇ ಕಾಲೇಜಿನಲ್ಲಿ ಮುಗಿಸಿದರು ಅನ್ನುವುದೇ ಲೆಕ್ಕ. ಎರಡು ವರ್ಷ ಓದಿ, ದುಡ್ಡು ಸಾಲದೆ ಮನೆ ಹತ್ತಿರದ ಕಾಲೇಜಿಗೆ ಹೋಗಿ ಅಲ್ಲಿ ಪದವಿ ತೆಗೆದುಕೊಂಡ ಹುಡುಗ ಮೊದಲ ಕಾಲೇಜಿನ ಲೆಕ್ಕದಲ್ಲಿ ಮುಗಿಸದವನು. ಜೊತೆಗೆ ಎಚ್‌ಬಿಸಿಯುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪೆಲ್ ಗ್ರಾಂಟ್ ಪಡೆಯುವವರು, ಅಂದ್ರೆ ಕಡಿಮೆ ಆದಾಯದ ಮನೆಗಳಿಂದ ಬಂದವರು. ಅಂಥ ಮಕ್ಕಳನ್ನು ಕೈಬೆರಳೆಣಿಕೆಯಷ್ಟೇ ಸೇರಿಸಿಕೊಳ್ಳುವ ಶ್ರೀಮಂತ ಕಾಲೇಜಿನ ಪಕ್ಕ ಇದನ್ನು ಇಟ್ಟು ನೋಡುವುದು ನ್ಯಾಯವಲ್ಲ ಅಲ್ವಾ?

ಹಾಗಾದರೆ ನೋಡುವುದು ಹೇಗೆ? ‘ಕಾಲೇಜ್ ನ್ಯಾವಿಗೇಟರ್’ ಅಂತ ಅಮೆರಿಕ ಸರ್ಕಾರದ ತಾಣ ಇದೆ. ಕಾಲೇಜಿನ ಹೆಸರು ಹಾಕಿ, ರಿಟೆನ್ಶನ್ ಮತ್ತು ಗ್ರಾಜುಯೇಶನ್ ಅನ್ನುವ ಭಾಗ ತೆಗೆಯಿರಿ. ಮೊದಲ ವರ್ಷಕ್ಕೆ ಸೇರಿದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ವಾಪಸ್ ಬಂದರು ಅಂತ ನೋಡಿ, ಬೇರೆ ಕಡೆ ಹೋದವರ ಪ್ರಮಾಣ ಕೊಟ್ಟಿದ್ದರೆ ಅದನ್ನೂ ನೋಡಿ. ಆಮೇಲೆ ಪೆಲ್ ಗ್ರಾಂಟ್ ಪಡೆದವರ ಗ್ರಾಜುಯೇಶನ್ ರೇಟನ್ನು ಪ್ರತ್ಯೇಕವಾಗಿ ತೆಗೆದು, ಅದೇ ರಾಜ್ಯದ ಇನ್ನೆರಡು ಸರ್ಕಾರಿ ಕಾಲೇಜುಗಳ ಅದೇ ಅಂಕಿಯ ಜೊತೆ ಇಡಿ. ನಾವು ಹೀಗೆ ಮಾಡಿದಾಗಲೇ ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕ ಬಂದು ಕೂತದ್ದು. ನಂತರ ‘ಕಾಲೇಜ್ ಸ್ಕೋರ್‌ಕಾರ್ಡ್’ ತೆಗೆಯಿರಿ, ಅದೂ ಸರ್ಕಾರದ ತಾಣವೇ. ಅದರಲ್ಲಿ ಕಾಲೇಜು ಒಟ್ಟಾರೆ ಹೇಗಿದೆ ಅನ್ನುವುದಕ್ಕಿಂತ ನಿಮ್ಮ ಮಗು ಓದಬೇಕೆಂದಿರುವ ವಿಷಯದವರು ಎಷ್ಟು ದುಡಿಯುತ್ತಿದ್ದಾರೆ, ಎಷ್ಟು ಸಾಲ ಹೊತ್ತು ಹೊರಬಂದರು ಅನ್ನುವುದೇ ಮುಖ್ಯ. ಆ ಸಂಬಳದ ಅಂಕಿ ಕೇಂದ್ರ ಸರ್ಕಾರದ ನೆರವು ಪಡೆದವರದ್ದು ಮಾತ್ರ, ಎಲ್ಲರದ್ದೂ ಅಲ್ಲ, ಅದು ನೆನಪಿರಲಿ. ಎ ಅಂಡ್ ಟಿ ಈಗ ವಿದ್ಯಾರ್ಥಿಗಳ ಸಂಖ್ಯೆ 14,000 ದಾಟಿದ ಅತಿ ದೊಡ್ಡ ಎಚ್‌ಬಿಸಿಯು, ಕಪ್ಪು ಎಂಜಿನಿಯರುಗಳನ್ನು ತಯಾರು ಮಾಡುವುದರಲ್ಲಿ ದೇಶದ ಮುಂಚೂಣಿಯಲ್ಲಿದೆ. ಒಟ್ಟು ಗ್ರಾಜುಯೇಶನ್ ರೇಟ್ ಇದನ್ನು ಹೇಳುವುದೇ ಇಲ್ಲ.

ಓದಿಸುವ ರೀತಿ ಹೇಗಿದೆ ಅಂತ ತಿಳಿಯಲು ನ್ಯೂ ಆರ್ಲಿಯನ್ಸ್‌ನ ಝೇವಿಯರ್ ಕಾಲೇಜನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಸಣ್ಣ ಕಾಲೇಜು, ಕ್ಯಾಥೊಲಿಕ್ ಸನ್ಯಾಸಿನಿಯರು ಕಟ್ಟಿದ್ದು, ಆದರೆ ವರ್ಷಾನುವರ್ಷ ಇಲ್ಲಿಂದ ಮೆಡಿಕಲ್ ಶಾಲೆಗೆ ಹೋಗುವ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ದೊಡ್ಡ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳನ್ನೂ ಹಿಂದೆ ಹಾಕುತ್ತಾ ಬಂದಿದೆ. ಹೇಗೆ ಅಂತ ನೋಡಿದರೆ ಮಂತ್ರತಂತ್ರ ಏನೂ ಇಲ್ಲ. ಕೆಮಿಸ್ಟ್ರಿ ಮೇಷ್ಟ್ರುಗಳೇ ಸೇರಿ ಬರೆದ ಅಭ್ಯಾಸ ಪುಸ್ತಕಗಳು. ಒಬ್ಬೊಬ್ಬರೇ ಓದದೆ ಗುಂಪಾಗಿ ಓದುವ ರೂಢಿ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುವುದು. ಮೆಡಿಕಲ್ ಅರ್ಜಿ ಹಾಕುವವರ ಹಿಂದೆ ಬಿದ್ದು ಕೆಲಸ ಮುಗಿಸುವ ಒಂದು ಆಫೀಸು. ‘ಪಕ್ಕದಲ್ಲಿ ಕೂತವರನ್ನು ನೋಡಿ, ನಿಮ್ಮಲ್ಲಿ ಒಬ್ಬರು ಇಲ್ಲಿ ಉಳಿಯುವುದಿಲ್ಲ’ ಅಂತ ಮೊದಲ ದಿನವೇ ಹೆದರಿಸುವ ಕಾಲೇಜುಗಳ ಬಗ್ಗೆ ನೀವೂ ಕೇಳಿರುತ್ತೀರಿ. ಇಲ್ಲಿಯ ಲೆಕ್ಕವೇ ಬೇರೆ. ಆದ್ದರಿಂದ ಯಾವ ಎಚ್‌ಬಿಸಿಯುಗೆ ಹೋದರೂ ಇದನ್ನೇ ಕೇಳಿ: ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ಫೇಲ್ ಆಗುವ ಮಗುವನ್ನು ಯಾರು ಗಮನಿಸುತ್ತಾರೆ, ಯಾವ ವಾರದಲ್ಲಿ ಗಮನಿಸುತ್ತಾರೆ? ಉತ್ತರ ಥಟ್ಟನೆ ಬಂದರೆ ಅಲ್ಲಿ ವ್ಯವಸ್ಥೆ ಇದೆ ಅಂತ ತಿಳಿಯಬಹುದು.

ಅಲ್ಲಿ ಓದಿದವರ ಅನುಭವದ ಬಗ್ಗೆ ಗ್ಯಾಲಪ್ ಸಂಸ್ಥೆ 2015ರಲ್ಲಿ ಒಂದು ಸಮೀಕ್ಷೆ ಕೊಟ್ಟಿತು. ಕಾಲೇಜು ನನ್ನನ್ನು ಮುಂದಿನ ಬದುಕಿಗೆ ಚೆನ್ನಾಗಿ ತಯಾರು ಮಾಡಿತು ಅಂತ ಗಟ್ಟಿಯಾಗಿ ಒಪ್ಪಿದವರು ಎಚ್‌ಬಿಸಿಯುಗಳಲ್ಲಿ ಓದಿದ ಕಪ್ಪು ಪದವೀಧರರಲ್ಲಿ ಶೇ. 55, ಬೇರೆ ಕಾಲೇಜುಗಳಲ್ಲಿ ಓದಿದ ಕಪ್ಪು ಪದವೀಧರರಲ್ಲಿ ಶೇ. 29. ದೊಡ್ಡ ಅಂತರವೇ. ಆದರೆ ಇದು ಪದವಿ ಮುಗಿಸಿದವರನ್ನು ಮಾತ್ರ ಕೇಳಿದ್ದು, ಅರ್ಧದಲ್ಲಿ ಬಿಟ್ಟು ಹೋದವರ ಮಾತು ಇದರಲ್ಲಿ ಇಲ್ಲ.

ಮಕ್ಕಳನ್ನು ಹೀಗೆ ಬದುಕಿಗೆ ತಯಾರು ಮಾಡುವ ರೂಢಿ ಎಲ್ಲಿಂದ ಬಂತು ಅನ್ನುವುದಕ್ಕೆ ಮೈಸೂರಿನ ಒಂದು ಘಟನೆ ಹೇಳಬೇಕು. 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಅಂತ ಹೋವರ್ಡ್‌ನ ಡೀನ್ ಆಗಿದ್ದ ಕಪ್ಪು ಅಮೆರಿಕನ್ ಬೆಂಜಮಿನ್ ಮೇಸ್ ಮೈಸೂರಿಗೆ ಬಂದಿದ್ದರು. ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಕ್ಕಳ ಶಾಲೆಗೆ ಅವರನ್ನು ಕರೆದುಕೊಂಡು ಹೋದರು. ಅಲ್ಲಿಯ ಹೆಡ್‌ಮಾಸ್ಟರ್ ಮಕ್ಕಳಿಗೆ ಇವರನ್ನು, ಅಮೆರಿಕದ ಒಬ್ಬ ಅಸ್ಪೃಶ್ಯ, ಆದರೂ ಇಷ್ಟು ಎತ್ತರಕ್ಕೆ ಬೆಳೆದವರು ಅಂತ ಪರಿಚಯ ಮಾಡಿಸಿದರು. ಮೇಸ್‌ಗೆ ಮೊದಲು ನೋವಾಯಿತು, ಆಮೇಲೆ ಆ ಮಾತಿನಲ್ಲಿ ನಿಜ ಇದೆ ಅನ್ನಿಸಿತು. 1940ರಲ್ಲಿ ಅವರು ಮೋರ್‌ಹೌಸ್‌ನ ಅಧ್ಯಕ್ಷರಾದರು, 27 ವರ್ಷ ಅಲ್ಲಿದ್ದರು. 1944ರಲ್ಲಿ ಅಲ್ಲಿಗೆ ಸೇರಿದ 15 ವರ್ಷದ ಹುಡುಗ ಮಾರ್ಟಿನ್ ಲೂಥರ್ ಕಿಂಗ್, ಕಾಲೇಜಿನ ಚಾಪೆಲ್‌ನಲ್ಲಿ ಅವರ ಮಾತು ಕೇಳುತ್ತಾ ಬೆಳೆದ. ನೀನೂ ಒಬ್ಬ ಮನುಷ್ಯ, ನಿನ್ನಿಂದ ದೊಡ್ಡದೇನೋ ಆಗಬೇಕು ಅಂತ ಮೇಷ್ಟ್ರು ಎದುರು ನಿಂತು ಹೇಳುವ ರೂಢಿ ಈ ಕಾಲೇಜುಗಳಲ್ಲಿ ಅಷ್ಟು ಹಳೆಯದು. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದಾದರೆ ಇದನ್ನು ತಿಳಿದುಕೊಂಡು ಹೋಗಲಿ, ಸೀಟು ಸುಲಭವಾಗಿ ಸಿಗುತ್ತೆ ಅಂತ ಸುಮ್ನೆ ಹೋಗುವುದು ಬೇಡ.

ದುಡ್ಡಿನ ವಿಷಯದಲ್ಲಿ ಮಾತ್ರ ಕಣ್ಣು ಬಿಟ್ಟುಕೊಂಡಿರಿ. ಈ ಕಾಲೇಜುಗಳ ಕೈಯಲ್ಲಿ ದುಡ್ಡು ಕಡಿಮೆ, ಮಕ್ಕಳ ಮೇಲೆ ಸಾಲ ಜಾಸ್ತಿ. 2019ರಲ್ಲಿ ರಾಬರ್ಟ್ ಎಫ್. ಸ್ಮಿತ್ ಅನ್ನುವ ಉದ್ಯಮಿ ಮೋರ್‌ಹೌಸ್‌ನ ಆ ವರ್ಷದ ಪದವೀಧರರ ಸಾಲವನ್ನೆಲ್ಲ ತೀರಿಸಿದರು. ಸುಮಾರು 400 ಹುಡುಗರದ್ದು, ಅವರ ಅಪ್ಪ ಅಮ್ಮಂದಿರು ಓದಿಗೆ ಮಾಡಿದ ಸಾಲವೂ ಸೇರಿ, 3.4 ಕೋಟಿ ಡಾಲರ್. ಒಂದೇ ಬ್ಯಾಚಿಗೆ ಇಷ್ಟು! ಸರ್ಕಾರಿ ಕಾಲೇಜುಗಳದ್ದು ಬೇರೆ ಕಥೆ. 1890ರ ಭೂ-ಅನುದಾನ ಕಾಲೇಜುಗಳ ಕಾಯ್ದೆಯಡಿ ಬಂದ ಎಚ್‌ಬಿಸಿಯುಗಳಿಗೆ 30 ವರ್ಷಗಳಲ್ಲಿ ಕೊಡಬೇಕಾದ್ದರಲ್ಲಿ 1,200 ಕೋಟಿ ಡಾಲರಿಗೂ ಮೀರಿದಷ್ಟು ಕೊಟ್ಟಿಲ್ಲ ಅಂತ ಕೇಂದ್ರ ಸರ್ಕಾರವೇ 2023ರಲ್ಲಿ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆಯಿತು. ಹಾಸ್ಟೆಲ್ ಹಳೆಯದಾಗಿ ಕಂಡರೆ ಅದರ ಹಿಂದೆ ಈ ಕಾರಣವೂ ಇರಬಹುದು. ಆದರೂ ಹಾಸ್ಟೆಲ್ ನೋಡದೆ ಬರಬೇಡಿ. 2021ರಲ್ಲಿ ಹೋವರ್ಡ್ ವಿದ್ಯಾರ್ಥಿಗಳು ವಾಸದ ಕೋಣೆಗಳ ಸ್ಥಿತಿ ಸರಿಯಿಲ್ಲ ಅಂತ ಒಂದು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತಿದ್ದರು. ಎರಡನೇ ವರ್ಷವೂ ಕೋಣೆ ಖಾತ್ರಿಯಾಗಿ ಸಿಗುತ್ತದೆಯೇ ಅಂತ ಬರಹದಲ್ಲಿ ಕೇಳಿ. ಕಾಲೇಜಿನ ತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯ ಹಾಕಿ, ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅಂತ ನೋಡಿ. ಮಕ್ಕಳ ಓದಿಗೆ ಅಂತ ಕೇಂದ್ರ ಸರ್ಕಾರ ಹೆತ್ತವರಿಗೆ ಕೊಡುವ ಪೇರೆಂಟ್ ಪ್ಲಸ್ ಸಾಲ ಅಪ್ಪ ಅಮ್ಮನ ಹೆಸರಿನಲ್ಲೇ ಇರುತ್ತದೆ, ಮಗುವಿನ ಹೆಸರಿಗೆ ಹೋಗುವುದಿಲ್ಲ.

ಮಾನ್ಯತೆ ಇದೆಯಾ ಅಂತಲೂ ನೋಡಿ. ಅಟ್ಲಾಂಟಾದ ಮಾರಿಸ್ ಬ್ರೌನ್ ಕಾಲೇಜು 2002ರಲ್ಲಿ ಮಾನ್ಯತೆ ಕಳೆದುಕೊಂಡು ಹೆಚ್ಚುಕಡಿಮೆ ಖಾಲಿಯಾಯಿತು, ಅದು ವಾಪಸ್ ಸಿಕ್ಕಿದ್ದು 2022ರಲ್ಲಿ. ಊರಿನಿಂದ ಎಂಎಸ್‌ಗೆ ಬರುವವರು ನಿಮ್ಮ ವಿಷಯದಲ್ಲಿ ಸಂಶೋಧನೆ ನಡೆಯುತ್ತಿದೆಯಾ, ಅಸಿಸ್ಟೆಂಟ್‌ಶಿಪ್ ಸಿಗುತ್ತದೆಯಾ ಅಂತ ಪ್ರೊಫೆಸರಿಗೇ ನೇರವಾಗಿ ಬರೆದು ಕೇಳಿ. 2025ರಲ್ಲಿ ಹೋವರ್ಡ್‌ಗೆ ಸಂಶೋಧನೆಯ ಅತಿ ಮೇಲಿನ ದರ್ಜೆ ಆರ್1 ಸಿಕ್ಕಿದೆ.

ಕೊನೆಗೆ ಕಾಲೇಜು ನೋಡಲು ಹೋಗುವ ದಿನ. ಹಳಬರೆಲ್ಲ ಕಾಲೇಜಿಗೆ ವಾಪಸ್ ಬಂದು ಸೇರುವ ಹೋಮ್‌ಕಮಿಂಗ್ ವಾರದಲ್ಲಿ ಹೋದರೆ ಬ್ಯಾಂಡು, ಹಳೆ ವಿದ್ಯಾರ್ಥಿಗಳು, ಊಟ, ಕುಣಿತ, ಕಣ್ತುಂಬ ನೋಡುವಂತಿರುತ್ತದೆ. ಆದರೆ ಆ ವಾರ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಾವು ಮಾರ್ಚ್‌ನ ಒಂದು ಮಾಮೂಲಿ ಮಂಗಳವಾರ ಹೋದೆವು. ಹುಡುಗಿ ಟೂರ್ ಗೈಡನ್ನು ಬಿಟ್ಟು ಕ್ಯಾಂಟೀನಿನಲ್ಲಿ ಕೂತಿದ್ದ ಎರಡನೇ ವರ್ಷದ ಮೂವರನ್ನು ಮಾತಾಡಿಸಿದಳು, ನಿಮ್ಮ ಹೆಸರು ಗೊತ್ತಿರುವ ಮೇಷ್ಟ್ರು ಎಷ್ಟು ಮಂದಿ ಅಂತ ಕೇಳಿದಳು. ಅದಕ್ಕೂ ಮುಂಚೆ ಅಕ್ಕ ಒಂದು ಕೆಲಸ ಮಾಡಿದ್ದಳು, ನೀವೂ ಮಾಡಿ: ಎಲ್ಲಾ ಕಾಲೇಜುಗಳ ಹಣಕಾಸು ನೆರವಿನ ಆಫೀಸಿಗೂ ಒಂದೇ ಪ್ರಶ್ನೆಯ ಇಮೇಲ್ ಕಳಿಸಿ, ಯಾರಿಂದ ಎಷ್ಟು ದಿನಕ್ಕೆ ಉತ್ತರ ಬಂತು ಅಂತ ಹಾಳೆಯಲ್ಲಿ ಬರೆದಿಡಿ.