ಜಮಾಬಂದಿಗೆ ಟೇಪು ಹಿಡಿದು ಹೋಗುವುದು ಹೇಗೆ?

ತುಳು ತಿಂಗಳು ಆಟಿ ಕಳೆದು ಸೋಣ ಶುರುವಾಗುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ನಮ್ಮ ಉಡುಪಿ ಕಡೆಯ ಪಂಚಾಯತ್‌ಗಳಲ್ಲಿ ಒಂದು ಸಭೆ ನಡೆಯುತ್ತದೆ. ಹೆಸರು ಜಮಾಬಂದಿ. ಗ್ರಾಮಸಭೆಗೆ ತಪ್ಪದೆ ಹೋಗುವವರಿಗೂ ಇದು ಗೊತ್ತಿರುವುದು ಕಡಿಮೆ. ಹಿಂದಿನ ಹಣಕಾಸು ವರ್ಷದಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಪಂಚಾಯತ್ ಊರಿನವರ ಮುಂದೆ ಲೆಕ್ಕ ಬಿಚ್ಚುವ ದಿನ ಅದು. ಈ ಕೆಲಸಕ್ಕೆಂದೇ ನೇಮಿಸಿದ ನೋಡಲ್ ಅಧಿಕಾರಿ ಹೊರಗಿನಿಂದ ಬರುತ್ತಾರೆ. ಕಡತ ನೋಡುತ್ತಾರೆ, ಕಾಮಗಾರಿ ಆದ ಜಾಗಕ್ಕೂ ಹೋಗುತ್ತಾರೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಇದು ನಡೆಯಬೇಕು. ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಎರಡು ತಿಂಗಳ ಮಳೆ ರಸ್ತೆ, ಮೋರಿಗಳ ಪರೀಕ್ಷೆಯನ್ನು ಆಗಲೇ ಮಾಡಿ ಮುಗಿಸಿರುತ್ತದೆ, ಅಲ್ವಾ?

ನಾನು ಮೊದಲ ಸಲ ಹೋದದ್ದು ಬರೀ ಸಿಟ್ಟು ಹೊತ್ತುಕೊಂಡು. "ನಮ್ಮ ಕಡೆ ಏನೂ ಕೆಲಸ ಆಗಿಲ್ಲ" ಅಂದೆ. "ಯಾವ ಕಾಮಗಾರಿ ಸರ್, ಯಾವ ಅನುದಾನದ್ದು?" ಎಂದು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಕೇಳಿದರು. ನನ್ನ ಬಾಯಿ ಬಂದ್. ಚಹಾ ಕುಡಿದು ವಾಪಸ್ ಬಂದೆ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ದುಡ್ಡನ್ನು ಬೇರೆ ಬೇರೆ ಮಾಡಿ

"ಪಂಚಾಯತ್‌ನಲ್ಲಿ ದುಡ್ಡಿಲ್ಲ" ಎನ್ನುವುದು ಅರ್ಧ ನಿಜ. ದುಡ್ಡು ಇರುತ್ತದೆ, ನೀವು ಕೇಳಿದ ಕೆಲಸಕ್ಕೆ ಇರುವುದಿಲ್ಲ. ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. 2021-22ರಿಂದ 2025-26ರವರೆಗೆ ಅದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ಊರಿಗೆ ಬೇಕಾದ ಕೆಲಸ ಮಾಡಬಹುದು, ಆದರೆ ಸಂಬಳ ಕೊಡುವ ಹಾಗಿಲ್ಲ. ಹಾಗಾಗಿ ಕೈ ಬಿಗಿಯಾದಾಗ ಮೊದಲು ಪೆಟ್ಟು ಬೀಳುವುದು ಮನೆ ತೆರಿಗೆಯಿಂದ ಬರುವ ಸ್ವಂತ ನಿಧಿಗೆ.

ಆ ತೆರಿಗೆ ರಶೀದಿಯನ್ನು ಒಮ್ಮೆ ಸರಿಯಾಗಿ ಓದಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿರುತ್ತದೆ. ಇದು ಪಂಚಾಯತ್ ತನ್ನ ಖರ್ಚಿಗೆಂದು ಎತ್ತುವ ದುಡ್ಡಲ್ಲ. ಗ್ರಂಥಾಲಯ ಕರ ಗ್ರಂಥಾಲಯ ಇಲಾಖೆಗೆ ಹೋಗಬೇಕು. ಬಿಲ್ಲುಗಳು ತಲೆ ಮೇಲೆ ಕೂತಾಗ ಇದಕ್ಕೆ ಕೈ ಹಾಕುವ ಆಸೆ ಯಾರಿಗೂ ಬಂದೀತು. ಇಂದಿನ ತೂತು ಮುಚ್ಚುತ್ತದೆ, ನಾಳೆಗೆ ಬಾಕಿ ಬೆಳೆಯುತ್ತದೆ. ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಕರ ಎಷ್ಟು ವಸೂಲಾಯಿತು, ಅದರಲ್ಲಿ ಎಷ್ಟು ದಾಟಿಸಿದಿರಿ?

ಒಂದೇ ಒಂದು ಕಾಮಗಾರಿ ಹಿಡಿಯಿರಿ

ಪಂಚಾಯತ್ ಲೆಕ್ಕ ಸಿಗುವ ಸರ್ಕಾರಿ ಜಾಲತಾಣ ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ಜಿಲ್ಲೆ, ತಾಲೂಕು, ಪಂಚಾಯತ್ ಆರಿಸಿದರೆ ಕ್ರಿಯಾಯೋಜನೆಯೂ ಖರ್ಚೂ ಕಾಣುತ್ತದೆ. ಲಾಗಿನ್ ಬೇಡ. ಇಪ್ಪತ್ತು ಕೆಲಸ ಹಿಡಿದರೆ ಒಂದೂ ಮುಗಿಯುವುದಿಲ್ಲ. ನೀವು ದಿನಾ ಓಡಾಡುವ ರಸ್ತೆ ಸಾಕು.

ಅದರ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಈ ಮೂರರ ಪ್ರತಿ ಕೇಳಿ. ಬಾಯಿ ಮಾತಿನಲ್ಲಿ ಕೇಳಿದಾಗಲೇ ಕೊಟ್ಟರೆ ಸಂತೋಷ. ಇಲ್ಲವೇ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಅಂದರೆ ಆಟಿ ಶುರುವಾಗುವ ಮುಂಚೆಯೇ ಅರ್ಜಿ ಹೋಗಿರಬೇಕು. ಉಡುಪಿ ನಗರಸಭೆ, ಮಂಗಳೂರು ಪಾಲಿಕೆಯ ಕಾಮಗಾರಿಗೂ ಇದೇ ದಾರಿ. ಮಂಗಳೂರಿನ 60 ವಾರ್ಡುಗಳವರು ವಾರ್ಡ್ ಸಮಿತಿ ಸೇರುತ್ತಿದ್ದರೆ ಈ ಕಾಗದ ಹಿಡಿದು ಅಲ್ಲಿ ಮಾತೆತ್ತಬಹುದು.

ಈಗ ಟೇಪು

ಬಿಲ್ಲಿನಲ್ಲಿರುವ ಉದ್ದ, ಅಗಲ, ದಪ್ಪ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಉದ್ದ, ಅಗಲ ಅಳೆಯುವುದು ಸುಲಭ. ಕಾಂಕ್ರೀಟಿನ ದಪ್ಪ ಹೇಗೆ? ಮಳೆಗೆ ರಸ್ತೆ ಬದಿಯ ಮಣ್ಣು ಕೊಚ್ಚಿ ಹೋದ ಜಾಗ ಹುಡುಕಿ, ಅಂಚು ತಾನಾಗಿಯೇ ಕಾಣುತ್ತದೆ. ನಾಲ್ಕು ಕಡೆ ಅಳೆದು ಫೋಟೊ ತೆಗೆಯಿರಿ. ಒಂದೇ ಕಡೆಯ ಅಳತೆ ಹಿಡಿದು ಜಗಳಕ್ಕೆ ಹೋಗಬೇಡಿ. ಅಳತೆ ಸರಿ ಬಂದರೆ ಅದನ್ನೂ ಸಭೆಯಲ್ಲಿ ಹೇಳಿ. ಬೈಯಲು ಮಾತ್ರ ಬರುವವನು ಎಂಬ ಹೆಸರು ಬಂದರೆ ಮುಂದಿನ ವರ್ಷ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ನೀರಿನ ಟ್ಯಾಂಕರಿಗೆ ಟೇಪು ಸಾಲದು. ಹೊಳೆ ಬದಿಯ ಊರುಗಳಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುತ್ತದೆ, ಟ್ಯಾಂಕರ್ ಬಿಲ್ಲು ಏರುತ್ತದೆ. ಎಷ್ಟು ಟ್ರಿಪ್ ಬರೆದಿದ್ದಾರೆ ಎಂಬ ದಾಖಲೆ ಕೇಳಿ. ನಿಮ್ಮ ಓಣಿಯ ಹೆಂಗಸರ ಹತ್ತಿರ ಕೂತು ತಾಳೆ ನೋಡಿ. ಯಾವ ದಿನ ನೀರು ಬರಲಿಲ್ಲ ಎಂಬುದು ಅವರಿಗೆ ನೆನಪಿರುವಷ್ಟು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಆ ದಿನ

ಸುಮ್ನೆ ಐವತ್ತು ಜನ ಸೇರಿಸಬೇಡಿ. ಒಂದೊಂದು ಕಾಗದ ಹಿಡಿದ ನಾಲ್ಕು ಜನ ಸಾಕು. "ಅಧ್ಯಕ್ಷರೇ, ಇಂಥ ಕಾಮಗಾರಿ, ಇಂಥ ಪುಟ" ಎಂದು ಶುರು ಮಾಡಿ. ಅಧಿಕಾರಿ ಸ್ಥಳ ನೋಡಲು ಹೊರಟರೆ ಜೀಪಿನ ಹಿಂದೆ ನೀವೂ ಹೊರಡಿ. ಕೊಡೆ ಇರಲಿ, ಸೋಣದ ಮಳೆಯನ್ನು ನಂಬುವ ಹಾಗಿಲ್ಲ.

ವಾಪಸ್ ಬಂದ ಮೇಲೆ ನಿಮ್ಮ ಪ್ರಶ್ನೆ, ಅಳತೆ, ಅವರು ಕೊಟ್ಟ ಉತ್ತರ ಮೂರೂ ಸಭೆಯ ನಡಾವಳಿ ಪುಸ್ತಕದಲ್ಲಿ ಬಂದಿದೆಯೇ ನೋಡಿ. ಬಂದಿರದಿದ್ದರೆ ಅಲ್ಲೇ ನಿಂತು ಬರೆಸಿ. ಅದರ ಪ್ರತಿ ತೆಗೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಓದಿಸಬೇಕಾದದ್ದು ಅದನ್ನೇ.