ಎಚ್‌ಐವಿ ಮಾತ್ರೆ ಶುರು ಮಾಡ್ತಿದ್ದೀರಾ? ಡಬ್ಬಿ ತೆಗೆಯುವ ಮುಂಚೆ ಇಷ್ಟು ತಿಳಿದುಕೊಳ್ಳಿ

ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಮೊದಲ ಡಬ್ಬಿ ಕೈಗೆ ಬಂದವರು ಹೊರಗೆ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ. "ಇದು ಸರ್ಕಾರದ ಪುಕ್ಕಟೆ ಮಾತ್ರೆ. ಅಮೆರಿಕದಲ್ಲಿ ಇದಕ್ಕಿಂತ ಒಳ್ಳೇದು ಕೊಡ್ತಾರೆ ಅಲ್ವಾ?" ನಾನು ಶುರು ಮಾಡಿದ ಕಾಲದಲ್ಲಿ ಕೇಳಿದ್ದರೆ ಹೌದು ಅನ್ನಬೇಕಿತ್ತು. ಈಗ ಹಾಗೇನಿಲ್ಲ.

ನಾನು 2009ರಲ್ಲಿ ಶುರು ಮಾಡಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್. ದಿನಕ್ಕೆ ಎರಡು ಹೊತ್ತು. ಜೀವ ಉಳಿಯಿತು, ಸುಳ್ಳು ಹೇಳಬಾರದು. ಆದರೆ ಎರಡು ವರ್ಷದಲ್ಲಿ ಕೆನ್ನೆ ಒಳಗೆ ಹೋಯಿತು, ಅಂಗಾಲು ಉರಿಯೋಕೆ ಶುರುವಾಯಿತು, ಮದುವೆ ಮನೆಗೆ ಹೋದರೆ "ಯಾಕೋ ಇಷ್ಟು ಸೊರಗಿದೀಯಾ" ಅಂತ ಎಲ್ಲರೂ ಕೇಳೋರು. ಶ್ರೀಮಂತ ದೇಶಗಳಲ್ಲಿ ವೈದ್ಯರು ಆಗಲೇ ಸ್ಟಾವುಡಿನ್‌ನಿಂದ ದೂರ ಸರಿದಿದ್ದರು. ಅಗ್ಗ ಅಂತ ಬಡ ದೇಶಗಳಲ್ಲಿ ಉಳಿದಿತ್ತು. ಇದನ್ನು ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೇ 2009ರ ಕೊನೆಯಲ್ಲಿ. ಆಮೇಲೆ ನನಗೆ ಎಫಾವಿರೆಂಜ್ ಇರುವ ಟಿಎಲ್‌ಇ ಬಂತು. ರಾತ್ರಿ ಒಂದೇ ಮಾತ್ರೆ. ಮೊದಲ ವಾರವಿಡೀ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗ್ತಿದ್ದೆ, ಕನಸುಗಳಂತೂ ಕೇಳಲೇಬೇಡಿ.

ಈಗ ಶುರು ಮಾಡುವವರಿಗೆ ಸಾಮಾನ್ಯವಾಗಿ ಕೊಡೋದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ. ಡೊಲುಟೆಗ್ರಾವಿರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ನಮ್ಮಂಥ ದೇಶಗಳಿಗೆ ದಾರಿ ತೆರೆದದ್ದು 2017ರ ಒಪ್ಪಂದ: ಭಾರತದ ಕಂಪನಿಗಳು ತಯಾರಿಸುವ ಟಿಎಲ್‌ಡಿ ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರ್‌ಗೆ, 90ಕ್ಕೂ ಹೆಚ್ಚು ದೇಶಗಳಿಗೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಮೊದಲ ಆಯ್ಕೆ ಅಂದಿತು.

ಹಾಗಾದರೆ ಅವರಿಗೂ ನಮಗೂ ಏನು ವ್ಯತ್ಯಾಸ? ಅಲ್ಲಿ ಡೊಲುಟೆಗ್ರಾವಿರ್ ಇಲ್ಲವೇ ಅದರ ತಮ್ಮನಂತಿರುವ ಬಿಕ್ಟೆಗ್ರಾವಿರ್ ಕೊಡ್ತಾರೆ. ಟೆನೊಫೊವಿರ್‌ನ ಹೊಸ ರೂಪ ಸಿಗುತ್ತದೆ, ಅದು ಕಿಡ್ನಿ ಮತ್ತು ಮೂಳೆಗೆ ಸ್ವಲ್ಪ ಹಗುರ. ಕೆಲವರಿಗೆ ಎರಡೇ ಔಷಧಿಯ ಮಾತ್ರೆ. ಶುರುವಿನಲ್ಲೇ ವೈರಸ್ ಯಾವ ಔಷಧಿಗೆ ಬಗ್ಗಲ್ಲ ಅಂತ ನೋಡುವ ರೆಸಿಸ್ಟೆನ್ಸ್ ಟೆಸ್ಟ್ ಕೂಡ ಮಾಡ್ತಾರೆ. ನಮ್ಮಲ್ಲಿ ಎಲ್ಲರಿಗೂ ಅದನ್ನು ಮಾಡಲ್ಲ. ಹಾಗಂತ ಕಂಗಾಲಾಗಬೇಡಿ. ಡೊಲುಟೆಗ್ರಾವಿರ್‌ಗೆ ವೈರಸ್ ಅಷ್ಟು ಸುಲಭಕ್ಕೆ ಒಗ್ಗಿಕೊಳ್ಳಲ್ಲ. ಟೆಸ್ಟ್ ಕಡಿಮೆ ಇರುವ ಕಡೆ ಈ ಔಷಧಿ ಇಷ್ಟು ಉಪಯೋಗಕ್ಕೆ ಬಂದದ್ದಕ್ಕೆ ಅದೂ ಒಂದು ಕಾರಣ.

ಟೆಸ್ಟ್ ಕಡಿಮೆ ಇರೋದರಿಂದ ನೀವು ಬಾಯಿ ಬಿಟ್ಟು ಹೇಳೋದು ಜಾಸ್ತಿ ಇರಬೇಕು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿದಿರೋದು, ಇವುಗಳಲ್ಲಿ ಒಂದಿದ್ದರೂ ಮೊದಲ ದಿನವೇ ಹೇಳಿ. ಟಿಬಿ ಇದ್ದು ರಿಫಾಂಪಿಸಿನ್ ತಗೊಳ್ತಿದ್ದರೆ ಡೊಲುಟೆಗ್ರಾವಿರ್‌ನ ಶಕ್ತಿ ಕುಗ್ಗುತ್ತದೆ. ಅದಕ್ಕೆ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಮಾತ್ರೆ ಸೇರಿಸ್ತಾರೆ. ಕಿಡ್ನಿಗೆ ಕ್ರಿಯಾಟಿನಿನ್, ಜೊತೆಗೆ ಹೆಪಟೈಟಿಸ್ ಬಿ, ಈ ಎರಡು ರಿಪೋರ್ಟ್ ಬಂತಾ ಅಂತ ಕೇಳಿ. ಹೆಪಟೈಟಿಸ್ ಬಿ ಇದ್ದರೆ ಟಿಎಲ್‌ಡಿ ಅದನ್ನೂ ಹಿಡಿದಿಡುತ್ತದೆ, ನೀವೇ ಮಾತ್ರೆ ಬಿಟ್ಟರೆ ಲಿವರ್ ಕೆರಳಬಹುದು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿದುಬಿಡಿ. ನಾನು ಹಾಗೇ ಮಾಡಿದ್ದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಫಿಟ್ಸ್ ಮಾತ್ರೆ, ನಾಟಿ ಔಷಧಿ, ಎಲ್ಲ. ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಬೇಕಾಗಬಹುದು, ಕೆಲವು ಫಿಟ್ಸ್ ಮಾತ್ರೆ ಇದರ ಜೊತೆ ಹೊಂದಲ್ಲ. ಹೆಚ್ಚು ಜನ ಎಡವೋದು ಮಾತ್ರ ಗ್ಯಾಸ್‌ಗೆ ಕುಡಿಯುವ ಆ ಗುಲಾಬಿ ಸಿರಪ್ ಹತ್ತಿರ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡುಬಿಡುತ್ತವೆ, ಔಷಧಿ ರಕ್ತಕ್ಕೆ ಸರಿಯಾಗಿ ಸೇರಲ್ಲ. ಟಿಎಲ್‌ಡಿ ತಗೊಂಡು ಎರಡು ಗಂಟೆ ಆದ ಮೇಲೆ ಸಿರಪ್ ಕುಡಿಯಿರಿ. ಸಿರಪ್ ಮೊದಲು ಕುಡಿದಿದ್ದರೆ ಆರು ಗಂಟೆ ಬಿಟ್ಟು ಟಿಎಲ್‌ಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ, ಆದರೆ ಊಟದ ಜೊತೆಗಾದರೆ ಅವನ್ನೂ ಟಿಎಲ್‌ಡಿಯನ್ನೂ ಒಟ್ಟಿಗೆ ತಗೊಳ್ಳಬಹುದು.

ಬಸುರಿಯರಿಗೆ ಇದು ಬೇಡ ಅಂತ ಯಾರಾದರೂ ಹೆದರಿಸಿದರೆ ಅದು 2018ರ ಹಳೇ ಮಾತು. ಬೋಟ್ಸ್‌ವಾನದಲ್ಲಿ ಮಕ್ಕಳ ಬೆನ್ನುಹುರಿಯ ದೋಷದ ಅನುಮಾನ ಬಂದಿತ್ತು. ಹೆಚ್ಚು ಹೆರಿಗೆಗಳ ಲೆಕ್ಕ ಸೇರಿದ ಮೇಲೆ ಆ ಅನುಮಾನ ಉಳಿಯಲಿಲ್ಲ. ಈಗ ಗರ್ಭಿಣಿಯರಿಗೂ ಇದನ್ನೇ ಕೊಡ್ತಾರೆ.

ತಗೊಳ್ಳುವ ಹೊತ್ತು ನಿಮ್ಮಿಷ್ಟ, ಆದರೆ ದಿನಾ ಅದೇ ಹೊತ್ತು. ನಿದ್ದೆ ಕೆಟ್ಟರೆ ಬೆಳಿಗ್ಗೆಗೆ ಬದಲಾಯಿಸಿಕೊಳ್ಳಿ. ಮರೆತರೆ ನೆನಪಾದ ತಕ್ಷಣ ತಗೊಳ್ಳಿ, ಮರುದಿನ ಎರಡು ನುಂಗಬೇಡಿ. ತೂಕ ಏರಬಹುದು, ನನಗೆ ಪ್ಯಾಂಟು ಎರಡು ಸಲ ಬದಲಾಯಿತು. ಡಬ್ಬಿಯೊಳಗಿನ ಪುಟ್ಟ ಚೀಲ ಎಸೆಯಬೇಡಿ, ತೇವ ಹೀರೋಕೆ ಅಂತ ಇಟ್ಟಿರೋದು. ಬಸ್ಸಿನಲ್ಲಿ ಬ್ಯಾಗಿನೊಳಗೆ ಡಬ್ಬಿ ಗಲಗಲ ಅಂದರೆ ಮುಜುಗರ ಆಗುತ್ತದೆ ಅನ್ನೋರು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಡಿ, ಒಳಗೆ ಹತ್ತಿ ತುರುಕಬೇಡಿ, ಅದು ತೇವ ಎಳೆದುಕೊಳ್ಳುತ್ತದೆ.

ಶುರು ಮಾಡಿ ಆರು ತಿಂಗಳಿಗೆ ವೈರಲ್ ಲೋಡ್ ಟೆಸ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಟೆಸ್ಟ್ ಆಗಬೇಕು. ಅವರು ಮರೆತರೂ ನೀವು ಕೇಳಿ ಮಾಡಿಸಿ. ನಾನು ಶುರು ಮಾಡಿದಾಗ ಇದು ನಮಗೆ ಸುಲಭವಾಗಿ ಸಿಗ್ತಿರಲಿಲ್ಲ, ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ ನೋಡಿ ಅಂದಾಜು ಮಾಡೋರು.

ವಿದೇಶದಿಂದ ವಾಪಸ್ ಬರ್ತಿರುವವರು ಅಲ್ಲಿನ ಮಾತ್ರೆಯ ಹೆಸರು, ಕೊನೆಯ ವೈರಲ್ ಲೋಡ್, ರೆಸಿಸ್ಟೆನ್ಸ್ ರಿಪೋರ್ಟ್ ಮೂರನ್ನೂ ಪ್ರಿಂಟ್ ತೆಗೆದು ತನ್ನಿ. ಇಲ್ಲಿ ಟಿಎಲ್‌ಡಿಗೆ ಬದಲಾಯಿಸುವ ಸಾಧ್ಯತೆ ಜಾಸ್ತಿ. ಡಬ್ಬಿ ಖಾಲಿಯಾಗಲು ಒಂದು ತಿಂಗಳಿರುವಾಗಲೇ ಸೆಂಟರ್‌ಗೆ ಹೋಗಿ. ಯಾವ ಸೆಂಟರ್ ಹತ್ತಿರ ಅಂತ ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.